ಎರಡನೇ ಹೆರಿಗೆಗೆ ಮೊದಲು ನಾನು ಹುಡುಕಿದ ಹಾಳೆ

ನನ್ನ ಮಗ ಹುಟ್ಟಿದ್ದು 2020ರ ಫೆಬ್ರವರಿಯಲ್ಲಿ, ಹಾಸನದಲ್ಲಿ. ಕೊನೆಯವರೆಗೂ ಅವನ ತಲೆ ಕೆಳಗೆ ತಿರುಗಲೇ ಇಲ್ಲ. ಸಿಸೇರಿಯನ್ ಮಾಡಿದರು. ಅದರ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಆದರೆ ಎರಡನೇ ಸಲ ಬಸುರಿಯಾದಾಗ ಅಮ್ಮ ಹೇಳಿದ ಮಾತು ಹೀಗಿತ್ತು: "ಒಂದ್ಸಲ ಕೊಯ್ದ ಮೇಲೆ ಮತ್ತೂ ಕೊಯ್ಯಲೇಬೇಕಂತೆ ಕಣೇ. ಸುಮ್ನೆ ಆಸೆ ಇಟ್ಕೋಬೇಡ."

ನಾರ್ಮಲ್ ಹೆರಿಗೆಯ ಆಸೆ ಇತ್ತು, ನಿಜ. ಮನೆಯಲ್ಲಿ ಮೂರು ವರ್ಷದ ಮಗ. ಮೊದಲ ಬಾಣಂತನದಲ್ಲಿ ಹೊಲಿಗೆ ಹಿಡ್ಕೊಂಡು ಏಳುತ್ತಿದ್ದುದು ಇನ್ನೂ ಮರೆತಿರಲಿಲ್ಲ. ಈ ಸಲ ಅವನನ್ನು ಎತ್ತಿಕೊಳ್ಳದೆ ಇರೋದು ಹೇಗೆ?

ಮೈಸೂರಿನಲ್ಲಿ ತೋರಿಸುತ್ತಿದ್ದ ಡಾಕ್ಟರನ್ನು ಕೇಳಿದೆ. ಅವರು ಹೊಟ್ಟೆ ಮೇಲಿನ ಗೀಟು ನೋಡಿ, "ಇದನ್ನ ನೋಡಿ ಏನೂ ಹೇಳೋಕಾಗಲ್ಲಮ್ಮ. ಒಳಗೆ ಗರ್ಭಕೋಶದ ಮೇಲೆ ಹೇಗೆ ಕೊಯ್ದಿದ್ದಾರೆ ಅನ್ನೋದು ಗೊತ್ತಾಗಬೇಕು. ಆಪರೇಷನ್ ನೋಟ್ಸ್ ತನ್ನಿ" ಅಂದರು.

ನನಗೆ ಇದು ಹೊಸ ವಿಷಯ. ಚರ್ಮದ ಮೇಲೆ ಅಡ್ಡ ಗೀಟಿದ್ದರೂ ಒಳಗೆ ಉದ್ದ ಕೊಯ್ದಿರಬಹುದು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ ಆ ಗಾಯ ಹೆರಿಗೆ ನೋವನ್ನು ತಡೆದುಕೊಳ್ಳುವ ಸಾಧ್ಯತೆ ಜಾಸ್ತಿ. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ನೋವು ಬಂದಾಗ ಬಿಟ್ಟುಕೊಳ್ಳುವ ಭಯ ಜಾಸ್ತಿ. ಅಂಥವರಿಗೆ ನಾರ್ಮಲ್ ಪ್ರಯತ್ನವೇ ಬೇಡ ಅನ್ನುತ್ತಾರೆ. ಅಮ್ಮ ಹೇಳಿದ ಮಾತಿಗೂ ಒಂದು ಮೂಲವಿದೆ. 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಎಂಬ ಡಾಕ್ಟರು ಇದನ್ನೇ ಬರೆದಿದ್ದರು. ಆಗೆಲ್ಲ ಕೊಯ್ಯುತ್ತಿದ್ದುದು ಮೇಲೆ, ಉದ್ದಕ್ಕೆ. ಕೊಯ್ಯುವ ರೀತಿ ಬದಲಾಯಿತು, ಮಾತು ಮಾತ್ರ ಹಾಗೇ ಉಳಿಯಿತು.

ಆ ಹಾಳೆ ತರೋದೇ ದೊಡ್ಡ ಕೆಲಸವಾಯಿತು. ನನ್ನ ಡಿಸ್ಚಾರ್ಜ್ ಕಾರ್ಡಿನಲ್ಲಿ 'ಎಲ್‌ಎಸ್‌ಸಿಎಸ್' (ಗರ್ಭಕೋಶದ ಕೆಳಭಾಗದಲ್ಲಿ ಮಾಡಿದ ಸಿಸೇರಿಯನ್) ಎಂದಷ್ಟೇ ಇತ್ತು, ವಿವರ ಇರಲಿಲ್ಲ. ಮೊದಲು ಹೆರಿಗೆಯಾದ ಆಸ್ಪತ್ರೆಗೆ ಎರಡು ಸಲ ಹೋದೆವು. ಹಳೇ ಫೈಲು ಸಿಗಲ್ಲ ಅಂದರು. ಮೂರನೇ ಸಲ ನನ್ನ ಗಂಡ ಅರ್ಜಿ ಬರೆದುಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡರು. ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅದು 2022ರ ಡಿಸೆಂಬರ್. ಮೂರು ವರ್ಷ ತುಂಬಲು ಎರಡೇ ತಿಂಗಳಿತ್ತು. ಇನ್ನು ಸ್ವಲ್ಪ ತಡ ಮಾಡಿದ್ದರೆ ಏನಾಗುತ್ತಿತ್ತೋ. ದಯವಿಟ್ಟು ಈಗಲೇ ತರಿಸಿ ಇಟ್ಟುಕೊಳ್ಳಿ. ಎರಡನೇ ಮಗುವಿನ ಯೋಚನೆ ಇಲ್ಲದಿದ್ದರೂ ಪರವಾಗಿಲ್ಲ.

ಸಿಕ್ಕಿದ ಹಾಳೆಯಲ್ಲಿ ನಾಲ್ಕೇ ಸಾಲು. ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದಾರೆ, ಆಚೀಚೆ ಹರಿದಿಲ್ಲ. ಕಾರಣ, ಮಗು ತಿರುಗಿರಲಿಲ್ಲ. ಡಾಕ್ಟರ ಮುಖ ಸಡಿಲವಾಯಿತು. ಕಾರಣವೂ ಮುಖ್ಯವಂತೆ. ಈ ಮಗುವಿನ ತಲೆ ಕೆಳಗಿದ್ದರೆ ಆ ಕಾರಣ ಈ ಸಲ ಇರೋದೇ ಇಲ್ಲ, ಅಲ್ವಾ?

ಅವರು ಒಳ್ಳೆಯದನ್ನು ಮಾತ್ರ ಹೇಳಲಿಲ್ಲ. ಪ್ರಯತ್ನಿಸಿದ ನೂರು ಜನರಲ್ಲಿ 72ರಿಂದ 75 ಜನರಿಗೆ ನಾರ್ಮಲ್ ಆಗುತ್ತದೆ. 200ರಲ್ಲಿ ಒಬ್ಬರಿಗೆ ಹಳೇ ಗಾಯ ಬಿಟ್ಟುಕೊಳ್ಳಬಹುದು. ಹಾಗಾದರೆ ತಾಯಿಗೂ ಮಗುವಿಗೂ ಅಪಾಯ. ನೋವು ತಿಂದು ಕೊನೆಗೆ ಆಪರೇಷನ್ ಆದರೆ, ಮೊದಲೇ ದಿನ ಗೊತ್ತು ಮಾಡಿ ಮಾಡುವ ಆಪರೇಷನ್‌ಗಿಂತ ತೊಂದರೆ ಜಾಸ್ತಿ. ಇನ್ನೊಂದು ಕಡೆ, ಸಿಸೇರಿಯನ್ ಹೆಚ್ಚಾದಷ್ಟೂ ಮುಂದಿನ ಬಸಿರಿನಲ್ಲಿ ಮಾಸು ಹಳೇ ಗಾಯಕ್ಕೆ ಕಚ್ಚಿಕೊಳ್ಳುವ ಭಯ. ಎರಡು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಕೊನೆಗೆ ಪ್ರಯತ್ನಿಸುತ್ತೇನೆ ಅಂದೆ. ನೋವು ತಾನಾಗೇ ಬಂದರೆ ಮಾತ್ರ, ಬರಿಸುವ ಮಾತ್ರೆ ಬೇಡ, 41 ವಾರ ದಾಟಿದರೆ ಆಪರೇಷನ್ ಎಂದು ಮಾತಾಯಿತು. ಮನೆ ಹತ್ತಿರದ ಚಿಕ್ಕ ನರ್ಸಿಂಗ್ ಹೋಮ್ ಬಿಟ್ಟು, ರಾತ್ರಿಯೂ ಅರಿವಳಿಕೆ ಡಾಕ್ಟರು, ರಕ್ತ, ಆಪರೇಷನ್ ಥಿಯೇಟರ್ ಎಲ್ಲ ಇರುವ ಕಡೆಗೆ ಹೋದೆ.

2023ರ ಮೇ, 39 ವಾರ 4 ದಿನ. ರಾತ್ರಿ ಎರಡಕ್ಕೆ ನೋವು ಶುರುವಾಯಿತು. ಮನೆಯಲ್ಲಿ ಕಾಯಲಿಲ್ಲ. ಹೋದ ಕೂಡಲೇ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತ ನೋಡುತ್ತಲೇ ಇದ್ದರು. ಗಾಯ ಬಿಡುತ್ತಿದ್ದರೆ ಸಾಮಾನ್ಯವಾಗಿ ಮೊದಲು ಏರುಪೇರಾಗೋದು ಅದೇ. ಸಿಸ್ಟರ್ ಅರ್ಧ ಗಂಟೆಗೊಮ್ಮೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೋವು ಬಿಟ್ಟಾಗಲೂ ಹೊಲಿಗೆ ಹತ್ರ ನೋಯ್ತಿದೆಯಾ?"

ಬೆಳಿಗ್ಗೆ ಹತ್ತರ ಹೊತ್ತಿಗೆ ಗರ್ಭಕೋಶದ ಬಾಯಿ ತೆರೆಯೋದು ಆರು ಸೆಂಟಿಮೀಟರ್‌ಗೆ ನಿಂತುಬಿಟ್ಟಿತು. ಮಗುವಿನ ಎದೆಬಡಿತ ಒಂದು ಸಲ ಇಳಿಯಿತು. ಥಿಯೇಟರ್‌ಗೆ ಫೋನ್ ಮಾಡಿದ್ದು ಕೇಳಿಸಿತು. ಒಪ್ಪಿಗೆ ಪತ್ರಕ್ಕೆ ಮೊದಲೇ ಸಹಿ ಹಾಕಿದ್ದೆ. ಆಗ ನನಗೆ ನಾರ್ಮಲ್ಲೇ ಆಗಲಿ ಅನ್ನೋ ಹಟ ಒಂದು ಚೂರೂ ಇರಲಿಲ್ಲ. ಎಡಕ್ಕೆ ಹೊರಳಿಸಿದರು. ಬಡಿತ ಮೇಲೆ ಬಂತು, ಮತ್ತೆ ಇಳಿಯಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಮಗಳು ಹುಟ್ಟಿದಳು. 3.1 ಕೆಜಿ. ಕೆಳಗೆ ಸ್ವಲ್ಪ ಹರಿದು ಹೊಲಿಗೆ ಬಿತ್ತು. ಹತ್ತು ದಿನ ಕೂರೋದು ಕಷ್ಟವಾಯಿತು. ಆದರೆ ಅವತ್ತು ಸಂಜೆ ನಾನೇ ಎದ್ದು ಬಚ್ಚಲಿಗೆ ಹೋದೆ.

ಹೋದ ವರ್ಷ ನಾದಿನಿಯೂ ತನ್ನ ಹಾಳೆ ತರಿಸಿದಳು. ಅವಳಿಗೆ ಒಳಗೆ ಉದ್ದ ಕೊಯ್ದಿದ್ದರು. ಅವಳು ನೋವು ಬರುವ ಮೊದಲೇ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿಸಿಕೊಂಡಳು. ಅವಳ ಜೊತೆ ಆಸ್ಪತ್ರೆಯಲ್ಲಿ ಉಳಿದುಕೊಂಡವಳು ನಾನೇ. ಮನೆಗೆ ಬರುವ ದಿನ ಬಿಲ್ಲಿನ ಜೊತೆಗೆ ಆಪರೇಷನ್ ನೋಟ್ಸಿನ ಪ್ರತಿಯನ್ನೂ ಕೇಳಿ ತೆಗೆದುಕೊಂಡೆವು.