ಇಮಾದ್-ಉಲ್-ಮುಲ್ಕ್ ಅವರ ಜೀವನಚರಿತ್ರೆಯನ್ನು ನಾನು ಬರೆದ ಬಗೆ

ಕಲಬುರಗಿಯ ಪದವಿ ತರಗತಿಗಳಿಗೆ ಹೈದರಾಬಾದ್ ಸಂಸ್ಥಾನದ ಇತಿಹಾಸವನ್ನು ಬಹುಕಾಲ ಪಾಠ ಮಾಡಿದ ನನಗೆ ಒಂದು ಕೊರತೆ ಸದಾ ಕಾಡುತ್ತಿತ್ತು. ನಿಜಾಮರ ಹೆಸರುಗಳು, ದಿವಾನ ಸಾಲಾರ್ ಜಂಗರ ಸುಧಾರಣೆಗಳು, ರಜಾಕಾರರ ಹಾವಳಿ, 1948ರ ಸೆಪ್ಟೆಂಬರ್ 17 ಇವೆಲ್ಲ ನಮ್ಮ ವಿದ್ಯಾರ್ಥಿಗಳಿಗೆ ತಕ್ಕಮಟ್ಟಿಗೆ ಗೊತ್ತಿರುತ್ತವೆ. ಆದರೆ ಆ ಆಡಳಿತವನ್ನು ದಿನದಿನವೂ ನಡೆಸಿದವರು, ದಿವಾನರ ಪರವಾಗಿ ಬ್ರಿಟಿಷ್ ಪ್ರತಿನಿಧಿಯ ಕಚೇರಿಯಾದ ರೆಸಿಡೆನ್ಸಿಗೆ ಕಾಗದ ಬರೆದವರು, ಹೊಸ ಶಾಲೆಗಳ ಕಡತಗಳನ್ನು ಮುಂದೆ ಸರಿಸಿದವರು ಯಾರು ಎಂಬುದು ಪಠ್ಯದಲ್ಲಿ ಬರುವುದೇ ಇಲ್ಲ. ನಿವೃತ್ತಿಯಾದ ಮೇಲೆ ಅಂಥ ಒಬ್ಬರ ಬದುಕನ್ನಾದರೂ ಕನ್ನಡದಲ್ಲಿ ಸರಿಯಾಗಿ ಬರೆಯಬೇಕೆಂದು ನಿಶ್ಚಯಿಸಿ, ನವಾಬ್ ಇಮಾದ್-ಉಲ್-ಮುಲ್ಕ್ ಎಂಬ ಬಿರುದಿನಿಂದ ಪ್ರಸಿದ್ಧರಾದ ಸೈಯದ್ ಹುಸೇನ್ ಬಿಲ್ಗ್ರಾಮಿಯವರನ್ನು ಆರಿಸಿಕೊಂಡೆ. ಅವರು ಮೊದಲು ಅಧ್ಯಾಪಕರಾಗಿದ್ದರೆಂಬುದೇ ನನ್ನ ಆಯ್ಕೆಗೆ ದೊಡ್ಡ ಕಾರಣ.

ಬಿಲ್ಗ್ರಾಮಿಯವರ ಮನೆತನ ಅವಧ್ ಸೀಮೆಯ ಬಿಲ್ಗ್ರಾಮ್ ಎಂಬ ಊರಿನದು. ಅವರು ಹುಟ್ಟಿದ್ದು ಗಯೆಯಲ್ಲಿ, ಓದಿದ್ದು ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. 1866ರಲ್ಲಿ ಪದವಿ ಪಡೆದು ಲಖನೌದ ಕ್ಯಾನಿಂಗ್ ಕಾಲೇಜಿನಲ್ಲಿ ಅರಬ್ಬಿ ಭಾಷೆಯ ಪ್ರಾಧ್ಯಾಪಕರಾದರು. 1873ರಲ್ಲಿ ಮೊದಲನೆಯ ಸಾಲಾರ್ ಜಂಗರ ಸೇವೆಗೆ ಸೇರಿ, 1883ರಲ್ಲಿ ಅವರು ತೀರಿಕೊಳ್ಳುವವರೆಗೂ ಆಪ್ತ ಕಾರ್ಯದರ್ಶಿಯಾಗಿದ್ದರು. ಬಳಿಕ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಪ್ತ ಕಾರ್ಯದರ್ಶಿಯಾದರು, ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕರಾದರು, ಕೊನೆಗೆ ಲಂಡನ್ನಿನಲ್ಲಿ ಭಾರತ ಮಂತ್ರಿಯ, ಎಂದರೆ ಭಾರತದ ಆಡಳಿತದ ಹೊಣೆ ಹೊತ್ತ ಬ್ರಿಟಿಷ್ ಸಚಿವರ, ಸಲಹಾ ಮಂಡಳಿಯ ಸದಸ್ಯರಾದರು. ಕ್ರಮವಾಗಿ ಹೇಳಿದರೆ ಇಷ್ಟೇ. ಇದನ್ನು ಯಾವ ಕೈಪಿಡಿಯಲ್ಲಾದರೂ ಓದಬಹುದು, ಅಷ್ಟಕ್ಕಾಗಿ ಒಂದು ಪುಸ್ತಕ ಬೇಕಾಗಿರಲಿಲ್ಲ.

ಆದ್ದರಿಂದ ನಾನು ಮೊದಲು ಮಾಡಿದ್ದು ಬರವಣಿಗೆಯಲ್ಲ, ಒಂದು ಕಾಲಪಟ್ಟಿ. ಉದ್ದನೆಯ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಮೂರು ಅಂಕಣ ಎಳೆದು, ಮೊದಲನೆಯದರಲ್ಲಿ ಬಿಲ್ಗ್ರಾಮಿಯವರ ಬದುಕಿನ ಘಟನೆಗಳನ್ನು, ಎರಡನೆಯದರಲ್ಲಿ ಸಂಸ್ಥಾನದ ಘಟನೆಗಳನ್ನು, ಮೂರನೆಯದರಲ್ಲಿ ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಘಟನೆಗಳನ್ನು ಬರೆಯುತ್ತ ಹೋದೆ. ಮೂರನೆಯ ಅಂಕಣವೇ ಈ ಕೆಲಸಕ್ಕೆ ಜೀವ ತುಂಬಿತು. ಸುರಪುರದ ವೆಂಕಟಪ್ಪ ನಾಯಕರ ಬಂಡಾಯ ಅಡಗಿದ ಮೇಲೆ, 1860ರ ಒಪ್ಪಂದದಂತೆ ಸುರಪುರ ನಿಜಾಮರ ಪಾಲಿಗೆ ಬಂತು, ಅದೇ ಒಪ್ಪಂದದಲ್ಲಿ ರಾಯಚೂರು ದೋಆಬ್ ಬ್ರಿಟಿಷರ ಕೈಯಿಂದ ಹಿಂದಿರುಗಿತು, ಸಂಸ್ಥಾನದ ಉತ್ತರದ ಬೇರಾರ್ ಸೀಮೆ (ಈಗ ಮಹಾರಾಷ್ಟ್ರದಲ್ಲಿದೆ) ಮಾತ್ರ ಬ್ರಿಟಿಷರಲ್ಲೇ ಉಳಿಯಿತು. 1865ರ ಜಿಲ್ಲಾಬಂದಿಯಿಂದ ನಮ್ಮ ಸೀಮೆಗೆ ಈಗಿನ ರೀತಿಯ ಜಿಲ್ಲಾಡಳಿತದ ತಳಪಾಯ ಬಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ತೆರೆಯಿತು. ಈ ಮೂರೂ ಸಂಗತಿಗಳು ಬಿಲ್ಗ್ರಾಮಿಯವರು ಮುಂದೆ ಮಾಡಬೇಕಾಗಿದ್ದ ಕೆಲಸಕ್ಕೆ ನೇರವಾಗಿ ತಾಕುತ್ತವೆಂಬುದು, ಅಂಕಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ಸ್ಪಷ್ಟವಾಯಿತು.

ನಿಜವಾದ ತೊಡಕು ಇದ್ದದ್ದು ಬೇರೆ ಕಡೆ. ಕವಿಯ ಚರಿತ್ರೆ ಬರೆಯುವವನಿಗೆ ಕವಿತೆಗಳಿವೆ, ಸೇನಾಪತಿಯ ಚರಿತ್ರೆ ಬರೆಯುವವನಿಗೆ ಯುದ್ಧಗಳಿವೆ. ಆಪ್ತ ಕಾರ್ಯದರ್ಶಿಯ ದುಡಿಮೆಯೆಲ್ಲ ಯಜಮಾನರ ಸಹಿಯ ಮೇಲ್ಗಡೆ ಇರುತ್ತದೆ. ಸಾಲಾರ್ ಜಂಗರ ಹೆಸರಿನಲ್ಲಿ ಹೋದ ಇಂಗ್ಲಿಷ್ ಕಾಗದಗಳಲ್ಲಿ ಯಾವ ವಾಕ್ಯ ದಿವಾನರದು, ಯಾವುದು ಕಾರ್ಯದರ್ಶಿಯದು ಎಂದು ಬೇರ್ಪಡಿಸುವುದು ಸುಲಭವಲ್ಲ. ಹಳೆಯ ಉರ್ದು ಬರಹಗಳನ್ನು ಓದಲು ನನಗೆ ನೆರವಾದವರು ನಮ್ಮ ಬಡಾವಣೆಯ ಒಬ್ಬ ಹಿರಿಯ ನಿವೃತ್ತ ಶಿಕ್ಷಕರು. ಉರ್ದು ಮಾಧ್ಯಮದಲ್ಲಿ ಓದಿ, ಕನ್ನಡದಲ್ಲಿ ಮಾತಾಡಿ ಬೆಳೆದ ತಲೆಮಾರಿನವರು. ಒಂದು ದಿನ ನಾನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ಅವರು ಕನ್ನಡಕ ಸರಿಪಡಿಸಿಕೊಂಡು, “ಸರ್, ಇದು ಸಾಹೇಬ್ರು ಬರ್ದಿದ್ದಂತ ಹಾಕಬ್ಯಾಡ್ರಿ. ಸಾಹೇಬ್ರು ಇದ್ದ ದಫ್ತರದಾಗಿಂದ ಹೋಗ್ಯದ, ಅಷ್ಟ ಹೇಳ್ರಿ” ಎಂದರು. “ಬರ್ದಿರಬೌದಲ್ರಿ ಚಾಚಾ?” ಎಂದು ಕೇಳಿದೆ. “ಇರಬೌದು ಅನ್ನೋದನ್ನ ಪುಸ್ತಕದಾಗ ಯಾಕ ಹಾಕ್ತೀರಿ?” ಎಂದರು. ಆ ದಿನದಿಂದ ಅದೇ ನನ್ನ ಕಟ್ಟಳೆಯಾಯಿತು. ಬಿಲ್ಗ್ರಾಮಿಯವರ ಕೈಬರಹವೆಂದೋ ಅವರ ಹೆಸರಿನ ಪ್ರಕಟಣೆಯೆಂದೋ ಖಚಿತವಾದದ್ದನ್ನು ಮಾತ್ರ ಅವರದೆಂದು ಬರೆದೆ, ಉಳಿದದ್ದನ್ನು ದಫ್ತರದ ಕಾಗದವೆಂದೇ ಕರೆದೆ.

ಬೀದರಿನ ನೆಲದಲ್ಲಿ ಓಡಾಡಿದವರಿಗೆ ಈ ಎಚ್ಚರಿಕೆಯ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ. 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಸ್ವತಃ ಪತ್ರಲೇಖನದಲ್ಲಿ ಎತ್ತಿದ ಕೈ. ಅವರ ಪಾರಸಿ ಪತ್ರಗಳು ಇಂದಿಗೂ ಉಳಿದಿವೆ. ಅವರ ಸಾವಿಗೆ ಕಾರಣವಾದದ್ದೂ ಒಂದು ಪತ್ರವೇ. ಮುದ್ರೆ ಕಾಯುವವನನ್ನು ಒಲಿಸಿಕೊಂಡ ವಿರೋಧಿಗಳು ಖಾಲಿ ಕಾಗದದ ಮೇಲೆ ಗವಾನರ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ಅರಸನಿಗೆ ಬರೆದಂಥ ರಾಜದ್ರೋಹದ ಪತ್ರವನ್ನು ಸೃಷ್ಟಿಸಿ ಸುಲ್ತಾನನ ಮುಂದಿಟ್ಟರು. 1481ರಲ್ಲಿ ಮೂರನೆಯ ಮುಹಮ್ಮದ್ ಷಾನ ಆಜ್ಞೆಯಂತೆ ಗವಾನರ ತಲೆ ಉರುಳಿತು. ಒಬ್ಬರು ಬರೆಯದ ಪತ್ರವನ್ನು ಅವರ ಹೆಸರಿಗೆ ಹಚ್ಚುವುದು ಎಷ್ಟು ದೊಡ್ಡ ಅನ್ಯಾಯವೆಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅದಕ್ಕೇ ಗವಾನರ ಪ್ರಸಂಗವನ್ನು ನನ್ನ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ವಿವರವಾಗಿಯೇ ಸೇರಿಸಿದೆ.

ರಾಜತಂತ್ರದ ಅಧ್ಯಾಯಕ್ಕೆ ಬೇರಾರ್ ಪ್ರಶ್ನೆಯೇ ಬೆನ್ನೆಲುಬು. ಕಂಟಿಂಜೆಂಟ್ ಎಂಬ, ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಸೈನ್ಯದ ವೆಚ್ಚ ಮತ್ತು ಸಾಲದ ನೆಪದಲ್ಲಿ 1853ರ ಒಪ್ಪಂದದ ಮೂಲಕ ಬ್ರಿಟಿಷರು ಬೇರಾರನ್ನು ತಮ್ಮ ಆಡಳಿತಕ್ಕೆ ತೆಗೆದುಕೊಂಡಿದ್ದರು. ಅದನ್ನು ಹಿಂದಕ್ಕೆ ಪಡೆಯುವುದು ಸಾಲಾರ್ ಜಂಗರ ಜೀವಮಾನದ ಹಂಬಲವಾಗಿತ್ತು. ಆ ಹಂಬಲವನ್ನು ಹೊತ್ತು ಅವರು 1876ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಜೊತೆಗೆ ಬಿಲ್ಗ್ರಾಮಿಯವರೂ ಇದ್ದರು. ಆಗ ಹೈದರಾಬಾದಿನಿಂದ ಮುಂಬೈಗೆ ರೈಲಿನಲ್ಲಿ ಹೋಗುವವರಿಗೆ ವಾಡಿ ಜಂಕ್ಷನ್ನೇ ದಾರಿ, ಅಲ್ಲಿಂದ ಶಹಾಬಾದ್, ಕಲಬುರಗಿ ದಾಟಿಯೇ ಸೊಲ್ಲಾಪುರದ ಕಡೆಗೆ ಹೋಗಬೇಕು. ಪ್ಯಾರಿಸಿನಲ್ಲಿ ಸಾಲಾರ್ ಜಂಗರು ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು, ಆ ಸ್ಥಿತಿಯಲ್ಲೇ ಲಂಡನ್ ತಲುಪಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ರಾಣಿಯ ಭೇಟಿಯಾಯಿತು, ಔತಣಗಳಾದವು. ಬೇರಾರ್ ಮಾತ್ರ ಬರಲಿಲ್ಲ. ಈ ಅಧ್ಯಾಯ ಬರೆಯುವಾಗ ಸತ್ಕಾರದ ವರ್ಣನೆಯನ್ನು ಒಂದು ಪುಟಕ್ಕೆ ಇಳಿಸಿ, ಒಪ್ಪಂದಗಳ ಷರತ್ತುಗಳನ್ನು ಬಿಡಿಸಿ ಹೇಳಲು ಹೆಚ್ಚು ಜಾಗ ಕೊಟ್ಟೆ. ರಾಜತಂತ್ರವೆಂದರೆ ಔತಣವಲ್ಲ, ಷರತ್ತುಗಳ ಒಳಹೊರಗು ತಿಳಿದು ವಾದ ಕಟ್ಟುವ ದುಡಿಮೆ ಎಂಬುದು ಓದುಗರಿಗೆ ಕಾಣಬೇಕಾಗಿತ್ತು. ಕೊನೆಗೆ 1902ರಲ್ಲಿ ಕರ್ಜನ್, ವರ್ಷಕ್ಕೆ 25 ಲಕ್ಷ ರೂಪಾಯಿಯ ಗೇಣಿಗೆ ಬೇರಾರನ್ನು ಶಾಶ್ವತವಾಗಿ ಬರೆಸಿಕೊಂಡರು. ಇಪ್ಪತ್ತಾರು ವರ್ಷಗಳ ಹಿಂದೆ ಲಂಡನ್ನಿಗೆ ಹೋಗಿ ಬಂದಿದ್ದ ಬಿಲ್ಗ್ರಾಮಿಯವರು ಅದನ್ನು ಕಣ್ಣಾರೆ ನೋಡಲು ಬದುಕಿದ್ದರು.

ಆರನೆಯ ನಿಜಾಮರ ಕಾರ್ಯದರ್ಶಿಯಾಗಿದ್ದ ಕಾಲವನ್ನು ನಾನು ಬೇಗ ದಾಟಿದ್ದೇನೆ. 1884ರ ಫೆಬ್ರವರಿಯಲ್ಲಿ ವೈಸರಾಯ್ ರಿಪನ್ ಹೈದರಾಬಾದಿಗೆ ಬಂದು ಹದಿನೇಳರ ತರುಣ ಮಹಬೂಬ್ ಅಲಿ ಖಾನರಿಗೆ ಪೂರ್ಣಾಧಿಕಾರ ಒಪ್ಪಿಸಿದರು. ಆ ಮೇಲಿನ ದರ್ಬಾರಿನ ಒಳಜಗಳಗಳ ಕುರಿತು ಬೇಕಾದಷ್ಟು ಊಹಾಪೋಹಗಳಿವೆ. ಅವುಗಳಿಂದ ಒಬ್ಬರ ಗುಣವನ್ನಾಗಲಿ ದೋಷವನ್ನಾಗಲಿ ಅಳೆಯಲು ನಾನು ಒಪ್ಪಲಿಲ್ಲ.

ಅದಕ್ಕಿಂತ ಅದೇ ಕಾಲದಲ್ಲಿ ಅವರು ತಮ್ಮ ಹೆಸರಿನಲ್ಲೇ ಪ್ರಕಟಿಸಿದ ಕೃತಿಗಳು ನನಗೆ ಹೆಚ್ಚು ಬೆಲೆಯುಳ್ಳವೆನಿಸಿದವು. ಸಾಲಾರ್ ಜಂಗರ ಸ್ಮರಣೆಯ ಒಂದು ಪುಸ್ತಕ, ವಿಲ್ಮಾಟ್ ಎಂಬವರ ಜೊತೆಗೂಡಿ ಸಂಸ್ಥಾನದ ಇತಿಹಾಸ ಮತ್ತು ವಿವರಣೆಯನ್ನು ಕೊಡುವ ಎರಡು ಸಂಪುಟಗಳು 1883-84ರ ಹೊತ್ತಿಗೆ ಹೊರಬಂದವು. ಯಜಮಾನರು ತೀರಿಕೊಂಡ ಹೊಸದರಲ್ಲಿ ಬರೆದ ಸ್ಮರಣೆಯನ್ನು ಸಾಕ್ಷ್ಯವೆಂದು ಬಳಸುವಾಗ ಕೃತಜ್ಞತೆಯ ಬಣ್ಣವನ್ನು ಕಳೆದು ಓದಬೇಕಾಗುತ್ತದೆ. ಸಂಸ್ಥಾನದ ಸಂಪುಟಗಳು ಹಾಗಲ್ಲ, ಆಡಳಿತ, ಕಂದಾಯ, ಊರುಗಳು, ಕಟ್ಟಡಗಳು ಎಂದು ಒಂದೊಂದನ್ನೂ ತೆಗೆದುಕೊಂಡು, ಪಾಠ ಹೇಳುವವರ ಅಚ್ಚುಕಟ್ಟಿನಿಂದ ವಿವರಿಸುತ್ತ ಹೋಗುತ್ತವೆ. ಲಖನೌದ ಪ್ರಾಧ್ಯಾಪಕರು ಕಾರ್ಯದರ್ಶಿಯ ಕುರ್ಚಿಯಲ್ಲಿ ಕುಳಿತ ಮೇಲೂ ಅಧ್ಯಾಪಕರಾಗಿಯೇ ಉಳಿದರೆಂಬ ನನ್ನ ವಾದಕ್ಕೆ ಮೊದಲ ಆಧಾರ ಸಿಕ್ಕಿದ್ದು ಇಲ್ಲಿಯೇ.

ಎರಡನೆಯ ಆಧಾರ ವಿದ್ಯಾ ಇಲಾಖೆಯ ವರ್ಷಗಳು. 1887ರಿಂದ 1902ರವರೆಗೆ ಅವರು ಅದರ ನಿರ್ದೇಶಕರಾಗಿದ್ದರು. ಅರಬ್ಬಿ ಭಾಷೆಯ ಅಪರೂಪದ ಹಸ್ತಪ್ರತಿಗಳನ್ನು ಪರಿಷ್ಕರಿಸಿ ಅಚ್ಚು ಹಾಕಿಸಲು 1888ರಲ್ಲಿ ಸ್ಥಾಪನೆಯಾದ ದಾಯಿರತುಲ್ ಮಆರಿಫ್ ಸಂಸ್ಥೆಯ ಹಿಂದೆಯೂ, 1891ರಲ್ಲಿ ಆರಂಭವಾದ ಆಸಫಿಯಾ ಗ್ರಂಥಾಲಯದ ಹಿಂದೆಯೂ ಮುಲ್ಲಾ ಅಬ್ದುಲ್ ಖಯ್ಯೂಮರ ಜೊತೆಗೆ ಅವರಿದ್ದರು. ಆ ಗ್ರಂಥಾಲಯವೇ ಇಂದು ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ, ಮೂಸಿ ನದಿಯ ದಂಡೆಯಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ. ನನ್ನ ಟಿಪ್ಪಣಿಗಳಲ್ಲಿ ಬಹುಪಾಲನ್ನು ಅಲ್ಲಿ ಕುಳಿತೇ ಮಾಡಿಕೊಂಡೆ. ಎತ್ತರದ ಚಾವಣಿಯ ಆ ಓದುವ ಕೋಣೆಯಲ್ಲಿ ನನ್ನ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೇ ತುಂಬಿರುತ್ತಿದ್ದರು. ಅವರ ನಡುವೆ ಬದಿಗೆ ಬೆರಳಿಟ್ಟರೆ ಅಂಚು ಪುಡಿಯಾಗುವ ಹಾಳೆಗಳನ್ನು ತಿರುವುತ್ತ, ಒಬ್ಬ ಅಧಿಕಾರಿಯ ಒಂದು ನಿರ್ಧಾರ ನೂರಾರು ವರ್ಷ ಜನರಿಗೆ ಕುರ್ಚಿ, ದೀಪ, ಪುಸ್ತಕ ಕೊಡಬಲ್ಲದೆಂಬುದನ್ನು ಕಂಡು ನನಗೆ ಆಳವಾದ ಗೌರವ ಹುಟ್ಟಿತು.

ಆದರೆ ಕನ್ನಡದಲ್ಲಿ ಬರೆಯುವ ನಾನು ಇನ್ನೊಂದು ಮಾತನ್ನು ಹೇಳದೆ ಬಿಡುವಂತಿರಲಿಲ್ಲ. ಸಂಸ್ಥಾನದ ಆಡಳಿತ ಭಾಷೆ 1884ರಲ್ಲಿ ಪಾರಸಿಯಿಂದ ಉರ್ದುವಿಗೆ ಬದಲಾಯಿತು. ಕಲಬುರಗಿಯ ರೈತನಿಗೆ ಅರ್ಜಿ ಬರೆಸಲು ಮೊದಲೂ ಮುನ್ಶಿ ಬೇಕಾಗಿತ್ತು, ಆಮೇಲೂ ಬೇಕಾಯಿತು. ಅರಬ್ಬಿ ಹಸ್ತಪ್ರತಿಗಳಿಗೆ ದೊರೆತ ಆಸ್ಥೆಯ ಒಂದು ಪಾಲಾದರೂ ಸಂಸ್ಥಾನದ ಕನ್ನಡ, ತೆಲುಗು, ಮರಾಠಿ ಶಾಲೆಗಳಿಗೆ ದೊರೆತಿದ್ದರೆ ನಮ್ಮ ಸೀಮೆಯ ಅಕ್ಷರದ ಚರಿತ್ರೆ ಬೇರೆಯಾಗುತ್ತಿತ್ತು ಎಂದು ನಾನು ಖಚಿತವಾಗಿ ನಂಬಿದ್ದೇನೆ. ಇದನ್ನು ಪುಸ್ತಕದಲ್ಲಿ ಮೆಲುದನಿಯಲ್ಲಿ ಅಲ್ಲ, ಒಂದು ಸ್ವತಂತ್ರ ಅಧ್ಯಾಯವಾಗಿಯೇ ಬರೆದೆ. ಹಸ್ತಪ್ರತಿ ಓದಿದ ಗೆಳೆಯರಲ್ಲಿ ಕೆಲವರು ಆ ಅಧ್ಯಾಯ ಚರಿತ್ರನಾಯಕರ ಮೇಲಿನ ಗೌರವಕ್ಕೆ ಕುಂದು ತರುತ್ತದೆಂದರು. ನಾನು ಒಪ್ಪಲಿಲ್ಲ. ದೊಡ್ಡವರ ಕೆಲಸವನ್ನು ಅದು ತಲುಪಿದ ಜನರಿಂದಲೂ ತಲುಪದೆ ಹೋದ ಜನರಿಂದಲೂ ಅಳೆಯುವುದೇ ಅವರಿಗೆ ಸಲ್ಲಬೇಕಾದ ಗೌರವ.

ಕೊನೆಯ ಭಾಗದಲ್ಲಿ ಹೆಚ್ಚು ಶ್ರಮ ಕೊಟ್ಟದ್ದು 1906ರ ಶಿಮ್ಲಾ ನಿಯೋಗದ ಪ್ರಸಂಗ. ಆಗಾ ಖಾನರ ಮುಂದಾಳತ್ವದಲ್ಲಿ 35 ಮಂದಿ ಮುಸ್ಲಿಂ ಪ್ರಮುಖರು ಅಕ್ಟೋಬರ್ 1ರಂದು ವೈಸರಾಯ್ ಮಿಂಟೋ ಅವರಿಗೆ ಒಪ್ಪಿಸಿದ ಮನವಿಯ ಕರಡನ್ನು ಸಿದ್ಧಪಡಿಸಿದವರು ಬಿಲ್ಗ್ರಾಮಿಯವರು. ಅವರನ್ನು ಆ ಕೆಲಸಕ್ಕೆ ತೊಡಗಿಸಿದ ಮೊಹಸಿನ್-ಉಲ್-ಮುಲ್ಕ್ ಕೂಡ ಹಿಂದೆ ಹೈದರಾಬಾದಿನಲ್ಲೇ ಅಧಿಕಾರಿಯಾಗಿದ್ದವರು. 1909ರ ಕಾಯ್ದೆ, ಮುಸ್ಲಿಮರು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುವ ಪ್ರತ್ಯೇಕ ಮತಕ್ಷೇತ್ರಗಳನ್ನು ತಂದಿತು. ಈ ಘಟನೆಯನ್ನು ಮುಂದಿನ ದೇಶವಿಭಜನೆಯ ಕನ್ನಡಕದಿಂದ ನೋಡಿ ಬರೆಯುವುದು ಸುಲಭ. ನಾನು ಆ ಮನವಿಯಲ್ಲಿ ಏನು ಕೇಳಲಾಗಿತ್ತು, ಉತ್ತರವಾಗಿ ಮಿಂಟೋ ಏನು ಹೇಳಿದರು, ಕಾಯ್ದೆಯಲ್ಲಿ ಏನು ಬಂತು ಎಂಬುದನ್ನು ಅನುಕ್ರಮವಾಗಿ ಇಟ್ಟು, 1906ರಲ್ಲಿ ಕುಳಿತವರಿಗೆ 1947 ಗೊತ್ತಿರಲಿಲ್ಲವೆಂಬುದನ್ನು ನೆನಪಿನಲ್ಲಿಟ್ಟುಕೊಂಡೆ. ಇಲ್ಲೂ ಕರಡು ಒಬ್ಬರದು, ಒಪ್ಪಿಸಿದವರು ಮತ್ತೊಬ್ಬರು. ಆದರೆ ಈ ಕಾಗದ ಯಾರ ಕೈಯದೆಂಬುದು ತಿಳಿದಿರುವುದರಿಂದ, ಅವರ ವಾದ ಕಟ್ಟುವ ರೀತಿಯನ್ನು ಧೈರ್ಯವಾಗಿ ಚರ್ಚಿಸಲು ಸಾಧ್ಯವಾಯಿತು.

1907ರಲ್ಲಿ ಭಾರತ ಮಂತ್ರಿ ಮಾರ್ಲೆ ತಮ್ಮ ಮಂಡಳಿಗೆ ಮೊದಲ ಬಾರಿಗೆ ಇಬ್ಬರು ಭಾರತೀಯರನ್ನು ನೇಮಿಸಿದರು. ಒಬ್ಬರು ಬಂಗಾಳದ ಕೃಷ್ಣ ಗೋವಿಂದ ಗುಪ್ತ, ಇನ್ನೊಬ್ಬರು ಬಿಲ್ಗ್ರಾಮಿಯವರು. ಮೂರನೆಯ ಅಂಕಣದಲ್ಲಿ ಅದೇ ವರ್ಷದ ಎದುರಿಗೆ, ಕಲಬುರಗಿಯಲ್ಲಿ ನೂತನ ವಿದ್ಯಾಲಯ ಆರಂಭವಾದದ್ದನ್ನು ಬರೆದಿದ್ದೆ. ನಮ್ಮ ಊರಿನ ಜನ ತಾವೇ ಮುಂದಾಗಿ ಶಾಲೆ ಕಟ್ಟಿಕೊಳ್ಳುತ್ತಿದ್ದ ಹೊತ್ತದು. ಈ ಎರಡು ಘಟನೆಗಳ ನಡುವೆ ಕಾರ್ಯಕಾರಣ ಸಂಬಂಧವಿಲ್ಲ, ಆದ್ದರಿಂದ ಅವುಗಳನ್ನು ಬೇರೆ ಬೇರೆ ಪುಟಗಳಲ್ಲೇ ಇಟ್ಟಿದ್ದೇನೆ. ಲಂಡನ್ನಿನ ಹವೆ ಬಿಲ್ಗ್ರಾಮಿಯವರಿಗೆ ಹಿಡಿಸಲಿಲ್ಲ, ಅವಧಿ ಮುಗಿಯುವ ಮೊದಲೇ 1909ರಲ್ಲಿ ಮಂಡಳಿಯ ಸ್ಥಾನವನ್ನು ಬಿಟ್ಟು ಹಿಂದಿರುಗಿದರು. ಕುರ್‌ಆನಿನ ಇಂಗ್ಲಿಷ್ ಅನುವಾದಕ್ಕೆ ಕೈಹಾಕಿದ್ದರು, ಅದು ಪೂರ್ಣವಾಗಲಿಲ್ಲ. 1926ರಲ್ಲಿ ತೀರಿಕೊಂಡರು.

ಹಸ್ತಪ್ರತಿ ಈಗ ಅಚ್ಚಿಗೆ ಸಿದ್ಧವಾಗಿದೆ. ಶಾಲೆಗಳ ಅಧ್ಯಾಯಕ್ಕೆ ಹಳೆಯ ಗುಲ್ಬರ್ಗಾ ಜಿಲ್ಲೆಯ ಉರ್ದು ಮಾಧ್ಯಮದ ಅಂಕಪಟ್ಟಿಗಳು, ಶಿಕ್ಷಕರ ನೇಮಕದ ಆದೇಶಗಳು, ಇನ್ಸ್‌ಪೆಕ್ಟರರ ಷರಾ ಇರುವ ಹಾಜರಿ ಪುಸ್ತಕಗಳು ಇನ್ನೂ ಸಿಗುತ್ತಿವೆ. ಆಳಂದ, ಚಿಂಚೋಳಿ, ಶಹಾಪುರದ ಕಡೆಯ ಮನೆಗಳ ಟ್ರಂಕುಗಳಲ್ಲಿ ಅಂಥವು ಇದ್ದರೆ, ಮೂಲವನ್ನು ಮನೆಯಲ್ಲೇ ಉಳಿಸಿಕೊಂಡು ಛಾಯಾಪ್ರತಿ ಮಾತ್ರ ಕೊಡಿರೆಂದು ಕೇಳಿಕೊಳ್ಳುತ್ತಿದ್ದೇನೆ. ಉರ್ದು ಓದಲು ಚಾಚಾ ಒಪ್ಪಿದ್ದಾರೆ.