ವಿಂಡೋಸ್ 11 ಬೇಡವೆಂದ ಲ್ಯಾಪ್‌ಟಾಪ್‌ಗಳನ್ನು ನಾನು ಮಾರಿದ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅದಕ್ಕೆ ಆರೇಳು ತಿಂಗಳು ಮುಂಚೆಯೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಟೆಲ್ ಆರು, ಏಳನೇ ಜನರೇಷನ್ ಪ್ರೊಸೆಸರಿನ ಹಳೇ ಲ್ಯಾಪ್‌ಟಾಪ್ ಮಾಲು ನನಗೆ ಅಗ್ಗಕ್ಕೆ ಸಿಗತೊಡಗಿತ್ತು. ಕಾರಣ ನಿಮಗೆ ಗೊತ್ತೇ ಇದೆ: ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ನಿನಿಂದ ಮೇಲೆ. ಈ ಮಾಲಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ ತುಮಕೂರಿನಲ್ಲಿ ಮಾರುತ್ತೇನೆ ಅಂದೆ. ನಮ್ಮ ವ್ಯಾಪಾರದವರೇ ನಕ್ಕರು. "ಗುಜರಿ ಮಾಲಿಗೆ ದುಡ್ಡು ಸುರೀತೀಯಲ್ಲೋ" ಅಂದರು.

ಅವರು ಕೊಟ್ಟ ಉದಾಹರಣೆ 2007ರಲ್ಲಿ ಏಸಸ್ ಕಂಪನಿ ತಂದ 'ಈ ಪಿಸಿ' (Eee PC) ಎಂಬ ಪುಟ್ಟ, ಅಗ್ಗದ ನೆಟ್‌ಬುಕ್. ಅದೂ ಲಿನಕ್ಸ್ ಹಾಕಿಕೊಂಡೇ ಬಂತು. ಮೈಕ್ರೋಸಾಫ್ಟ್ ಹಳೇ ಎಕ್ಸ್‌ಪಿಯನ್ನು ನೆಟ್‌ಬುಕ್‌ಗಳಿಗೆ ಅಗ್ಗವಾಗಿ ಕೊಟ್ಟಿತು, ಲಿನಕ್ಸ್ ಮೂಲೆಗೆ ಹೋಯಿತು. ನಿಜ. ಆದರೆ ಆಗ ವಿಂಡೋಸ್ ಒಳಗೆ ಬರಲು ಒದ್ದಾಡುತ್ತಿತ್ತು. ಈ ಸಲ ತಾನೇ ಬಾಗಿಲು ಹಾಕಿಕೊಂಡು ಹೊರಗೆ ಹೋಗಿದೆ. ನನಗೆ ಅಷ್ಟು ಸಾಕಿತ್ತು.

ಮೊದಲ ಲಾಟಿನಲ್ಲಿ ಥಿಂಕ್‌ಪ್ಯಾಡ್ ಟಿ460, ಟಿ470 ಸೇರಿ ಇಪ್ಪತ್ತರ ಸುಮಾರು ಬಂದವು. ಒಂದಕ್ಕೆ ಹತ್ತಿರ ಹತ್ತಿರ 8,000. ಎಸ್‌ಎಸ್‌ಡಿಗೆ 1,500, ರ‍್ಯಾಮಿಗೆ ಸಾವಿರದ ಮೇಲೆ ಚಿಲ್ಲರೆ, ಹೊರಗಿನ ಬ್ಯಾಟರಿ ಬದಲಿಸಿದರೆ ಇನ್ನೊಂದಿಷ್ಟು. ಮಾರಿದ್ದು 14,000ದ ಆಸುಪಾಸು. ನಾಲ್ಕೈದಕ್ಕೆ ಬಯಾಸ್, ಅಂದರೆ ಮಷಿನ್ನಿನ ಒಳಗಿನ ಸೆಟಪ್ಪಿಗೇ, ಪಾಸ್‌ವರ್ಡ್ ಲಾಕ್ ಇತ್ತು. ಕೊಟ್ಟವನು ಫೋನೇ ಎತ್ತಲಿಲ್ಲ. ಅವುಗಳ ಸ್ಕ್ರೀನು, ಕೀಬೋರ್ಡು ಬಿಚ್ಚಿ ಬೇರೆಯವಕ್ಕೆ ಹಾಕಿದೆ. ಆ ಲಾಟಿನಲ್ಲಿ ಲಾಭ ಅಂತ ಏನೂ ಉಳಿಯಲಿಲ್ಲ. ಈಗ ಎಫ್1 ಒತ್ತಿ ಸೆಟಪ್ ಒಳಗೆ ಹೋಗದೆ ಒಂದು ರೂಪಾಯಿ ಕೊಡುವುದಿಲ್ಲ.

ಜಾಸ್ತಿ ತಲೆ ತಿಂದದ್ದು ಪ್ರಿಂಟರು. ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಆ ಹಳೇ ಲೇಸರ್ ಡಬ್ಬಿ ಗೊತ್ತಲ್ವಾ? ಡ್ರೈವರ್ ಕೂತ ಹಾಗೆ ಕಾಣುತ್ತದೆ, ಮೊದಲ ಪೇಜು ಬರುತ್ತದೆ, ಎರಡನೆಯದಕ್ಕೆ ಸುಮ್ನೆ ಕೂತುಬಿಡುತ್ತದೆ. ಎಷ್ಟೋ ರಾತ್ರಿ ಅದಕ್ಕೇ ಹೋಯಿತು. ಪ್ರಿಂಟರ್ ಆನ್ ಆದಾಗ ಯಾವುದನ್ನು ನಿಲ್ಲಿಸಿ ಯಾವುದನ್ನು ಮತ್ತೆ ಶುರು ಮಾಡಬೇಕು ಅನ್ನುವುದಕ್ಕೆ ಕೊನೆಗೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಅದನ್ನು ಇಲ್ಲಿ ಕೊಡುವುದಿಲ್ಲ, ನನ್ನ ಅನ್ನ ಅದು. ಆ ಸ್ಕ್ರಿಪ್ಟ್ ಕೆಲಸ ಮಾಡಿದ ಮೇಲೆ ಒಂದೇ ಬೀದಿಯ ಮೂರು ಅಂಗಡಿಯವರು ಕೊಂಡರು.

ಕನ್ನಡ ಟೈಪಿಂಗ್ ತೊಂದರೆ ಕೊಡುತ್ತದೆ ಅಂದುಕೊಂಡಿದ್ದೆ, ಕೊಡಲಿಲ್ಲ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲೇ ನುಡಿಯಲ್ಲಿ ಬಳಸುವ ಕಗಪ ಕೀಲಿ ವಿನ್ಯಾಸ ಇದೆ. ಎಫ್ ಒತ್ತಿ ಒತ್ತಕ್ಷರ ಹಾಕುವ ಅಭ್ಯಾಸ ಇದ್ದವರು ಅರ್ಧ ಗಂಟೆಯಲ್ಲಿ ಹೊಂದಿಕೊಂಡರು. ಡಿಟಿಪಿಯವರ ಕಥೆ ಬೇರೆ. ಪೇಜ್‌ಮೇಕರ್, ಹಳೇ ನುಡಿ ಫಾಂಟು, ವರ್ಷಗಟ್ಟಲೆಯ ಲಗ್ನಪತ್ರಿಕೆ ಫೈಲು. ಅವರ ತಂಟೆಗೆ ಹೋಗಬೇಡಿ. ಟ್ಯಾಲಿಯನ್ನು ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಮೇಲೆ ಓಡಿಸಿ ನೋಡಿದೆ. ಓಡಿತು, ಆದರೆ ಬೇರೆಯವರ ಲೆಕ್ಕಪತ್ರವನ್ನು ಅದರ ಮೇಲೆ ಬಿಡುವ ಧೈರ್ಯ ಬರಲಿಲ್ಲ. ಟ್ಯಾಲಿ ಗಿರಾಕಿಗೆ ಎಂಟನೇ ಜನರೇಷನ್, ಅಸಲಿ ವಿಂಡೋಸ್.

ನಡುವೆ 4 ಜಿಬಿ ಮಷಿನ್‌ಗಳಿಗೆ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಿ ನೋಡಿದೆ. ಚುರುಕಾಗಿತ್ತು, ವೈಫೈ ತಾನಾಗೇ ಸಿಕ್ಕಿತು. ಆದರೆ ಅದರಲ್ಲಿ ಆಂಡ್ರಾಯ್ಡ್ ಆ್ಯಪ್ ಹಾಕಲು ಆಗುವುದಿಲ್ಲ. ಅಮ್ಮಂದಿರು ಬಂದು ಕೇಳುವುದೇ "ಟ್ಯೂಷನ್ ಆ್ಯಪ್ ಬರುತ್ತಾ?" ಅಂತ. ಮಿಂಟ್‌ನಲ್ಲೂ ಅವು ನೇರವಾಗಿ ಬರುವುದಿಲ್ಲ, ಆದರೂ ಕೊನೆಗೆ ಅಳಿಸಿ ಮಿಂಟನ್ನೇ ಹಾಕಿದೆ.

ಮಾರುವಾಗ ನಾನು ಲಿನಕ್ಸ್ ಅನ್ನುವುದರಿಂದ ಶುರು ಮಾಡುವುದಿಲ್ಲ. ಕ್ರೋಮ್, ವಾಟ್ಸಾಪ್ ವೆಬ್, ಅವರದೇ ಪ್ರಿಂಟರಿನಿಂದ ಒಂದು ಪೇಜು, ಇಷ್ಟನ್ನೇ ತೋರಿಸುತ್ತೇನೆ. ಆಮೇಲೆ ಹೇಳುತ್ತೇನೆ, ಬಿಲ್ಲಿನಲ್ಲೂ ಬರೆಯುತ್ತೇನೆ. ವಿಂಡೋಸ್ ಇಲ್ಲದ ಡಾಸ್ ಲ್ಯಾಪ್‌ಟಾಪ್ ಮಾರಿ ಕಳ್ಳ ವಿಂಡೋಸ್ ಹಾಕಿಕೊಡುವವರಿಗಿಂತ ಇದು ಮೇಲು. ಎಪ್ಪತ್ತರ ಹತ್ತಿರ ಹೋಗಿವೆ, ವಾಪಸ್ ಬಂದದ್ದು ಮೂರೋ ನಾಲ್ಕೋ, ಬಹುತೇಕ ಗೇಮ್ ಹುಡುಗರವು. ಒಂದಕ್ಕೆ 2,500 ಉಳಿಯುತ್ತದೆ. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ಯಾವ ಮಿಂಟ್ ಅಂತ ಕೇಳುತ್ತಾರೆ.

ಸದ್ಯದ ತಲೆನೋವು ರ‍್ಯಾಮ್. 2025ರ ಕೊನೆಯಿಂದ ಅದರ ಬೆಲೆ ಕೈಗೆ ಸಿಗುತ್ತಿಲ್ಲ. ಕೆಲವರು ರ‍್ಯಾಮ್ ಕಿತ್ತುಕೊಂಡು ಬರೀ ಮಷಿನ್ ಕಳಿಸುತ್ತಿದ್ದಾರೆ. ಹಾಗಾಗಿ ಮೊದಲು ಹಿಂದಿನ ಮುಚ್ಚಳ ಬಿಚ್ಚಿಸಿ ನೋಡುತ್ತೇನೆ. ರೇಟಿನ ಮಾತು ಆಮೇಲೆ.