ಸುಣ್ಣಕ್ಕೆ ತಾಳ್ಮೆ ಬೇಕು, ಸಿಮೆಂಟಿಗೆ ಅವಸರ

ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಬಿರಿಯುತ್ತದೆ. ಇಂಥ ಜೇಡಿಮಣ್ಣಿನ ಮೇಲೆ ಹಾಕಿದ ರಸ್ತೆ ನೆಟ್ಟಗಿರುವುದು ಕಷ್ಟ, ಅಲ್ವಾ? ಆದರೆ ಮಣ್ಣನ್ನೆಲ್ಲ ಅಗೆದು ಸಾಗಿಸಬೇಕಿಲ್ಲ. ಮೊದಲು ಸುಣ್ಣ, ಆಮೇಲೆ ಸಿಮೆಂಟ್ ಬೆರೆಸಿ ಇದ್ದಲ್ಲೇ ಗಟ್ಟಿ ಮಾಡಬಹುದು.

ಮೊದಲ ಕೆಲಸ ಲ್ಯಾಬಿನಲ್ಲಿ. ಮಣ್ಣಿನಲ್ಲಿ ಸಲ್ಫೇಟ್ (ಗಂಧಕ ಸೇರಿದ ಲವಣ) ಎಷ್ಟಿದೆ ಎಂದು ನೋಡಲೇಬೇಕು. ಸಲ್ಫೇಟ್ ಜಾಸ್ತಿ ಇದ್ದರೆ ಅದು ಸುಣ್ಣ, ನೀರು ಮತ್ತು ಜೇಡಿಯೊಳಗಿನ ಅಲ್ಯೂಮಿನಾ ಜೊತೆ ಸೇರಿ ಎಟ್ರಿಂಗೈಟ್ ಎಂಬ ಹರಳಾಗುತ್ತದೆ. ಈ ಹರಳು ಬೆಳೆಯುತ್ತಾ ಹೋಗಿ, ಗಟ್ಟಿಯಾದ ನೆಲವನ್ನೇ ಮೇಲಕ್ಕೆತ್ತುತ್ತದೆ. ಕೊಳೆತ ಎಲೆ, ಬೇರಿನ ಅಂಶ ಹೆಚ್ಚಿದ್ದರೂ ಸುಣ್ಣದ ಕೆಲಸ ಕೆಡುತ್ತದೆ.

ಸುಣ್ಣ ಎಷ್ಟು? ಬೇರೆ ಬೇರೆ ಪ್ರಮಾಣದಲ್ಲಿ ಮಣ್ಣಿಗೆ ಸುಣ್ಣ, ನೀರು ಬೆರೆಸಿ ಒಂದು ಗಂಟೆಯ ನಂತರ ಪಿಎಚ್, ಅಂದರೆ ಕ್ಷಾರ ಎಷ್ಟಿದೆ ಎಂದು, ಅಳೆಯುತ್ತಾರೆ. ಪಿಎಚ್ 12.4 ಮುಟ್ಟಿಸುವ ಅತಿ ಕಡಿಮೆ ಪ್ರಮಾಣವೇ ಶುರುವಿನ ಲೆಕ್ಕ. ಸಾಮಾನ್ಯವಾಗಿ ಅದು ಒಣಮಣ್ಣಿನ ತೂಕದ 3ರಿಂದ 6 ಶೇಕಡಾ. ಸುಣ್ಣ ಬೆರೆತ ಮಣ್ಣನ್ನು ಅಚ್ಚು ಹಾಕಿ ಬಲ ಪರೀಕ್ಷಿಸಿದ ಮೇಲೆಯೇ ಕೊನೆಯ ಅಂಕಿ ನಿಲ್ಲುತ್ತದೆ.

ಈಗ ನೆಲಕ್ಕಿಳಿಯೋಣ. ಸುಮಾರು 150ರಿಂದ 200 ಮಿಲಿಮೀಟರ್ ಆಳಕ್ಕೆ ಮಣ್ಣು ಸಡಿಲಿಸಿ. ಸುಣ್ಣ ಹರಡಿ, ನೀರು ಚಿಮುಕಿಸಿ, ಚೆನ್ನಾಗಿ ಕಲಸಿ. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸುರಕ್ಷತಾ ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಜೋರು ಗಾಳಿಯಿದ್ದ ದಿನ ಹರಡಲೂ ಬೇಡಿ.

ಕಲಸಿದ ಮೇಲೆ ಒಂದರಿಂದ ಮೂರು ದಿನ ಬಿಡಿ. ಎಷ್ಟೋ ಜನ ಅವಸರ ಪಡುವುದು ಇಲ್ಲೇ. ಆದರೆ ಈ ಬಿಡುವಿನಲ್ಲಿ ಸುಣ್ಣದ ಕ್ಯಾಲ್ಸಿಯಂ ಜೇಡಿಯ ಕಣಗಳಿಗೆ ಅಂಟುತ್ತದೆ, ಕಣಗಳು ಗುಂಪುಗೂಡುತ್ತವೆ. ನಿನ್ನೆ ಸಲಿಕೆಗೆ ಮೆತ್ತುತ್ತಿದ್ದ ಮಣ್ಣು ಪುಡಿಪುಡಿಯಾಗುತ್ತದೆ. ಅಂಟುವ ಜೇಡಿಗೆ ನೇರವಾಗಿ ಸಿಮೆಂಟ್ ಹಾಕಿದರೆ ಅದು ಹೆಂಟೆಯ ಹೊರಮೈಗಷ್ಟೇ ಹತ್ತುತ್ತದೆ, ಒಳಗೆ ಹಸಿ ಜೇಡಿ ಹಾಗೇ ಉಳಿಯುತ್ತದೆ. ನನ್ನ ಮಟ್ಟಿಗೆ ಈ ಬಿಡುವೇ ಇಡೀ ಕೆಲಸದ ಜೀವಾಳ.

ಇನ್ನು ಈ ಪುಡಿಯಾದ ಮಣ್ಣಿಗೆ ಸಿಮೆಂಟ್. ಇದಕ್ಕೆ ಕಾಯುವ ಹಾಗಿಲ್ಲ. ನೀರು ಸೋಕಿದ ಕ್ಷಣದಿಂದ ಅದು ಬಿಗಿಯಲು ಶುರು. ಕಲಸುವುದು, ರೋಲರ್ ಓಡಿಸುವುದು ಎಲ್ಲ ಎರಡು ಗಂಟೆಯೊಳಗೆ ಮುಗಿಯಲಿ. ತಡವಾಗಿ ಒತ್ತಿದರೆ ಕೂಡಿದ ಬೆಸುಗೆಯೇ ಒಡೆಯುತ್ತದೆ. ನಂತರ ಕನಿಷ್ಠ 7 ದಿನ ಮೇಲ್ಮೈ ಒಣಗಬಾರದು. ಅಲ್ಲಿಯವರೆಗೆ ಭಾರದ ಗಾಡಿ ಬಿಡಬೇಡಿ.

ಸುಣ್ಣ ಆಳಕ್ಕೆ ಇಳಿದಿದೆಯೇ ಎಂಬ ಅನುಮಾನವೇ? ಸುಣ್ಣ ಕಲಸಿದ ಮೇಲೆ, ಸಿಮೆಂಟಿಗೆ ಮುಂಚೆ, ಒಂದು ಗುಂಡಿ ತೋಡಿ. ಅದರ ಗೋಡೆಗೆ ಫಿನಾಲ್ಫ್ತಲೀನ್ (ಕ್ಷಾರ ತಾಗಿದರೆ ಬಣ್ಣ ತೋರಿಸುವ ದ್ರಾವಣ) ಸಿಂಪಡಿಸಿ. ಸುಣ್ಣ ಮುಟ್ಟಿದಷ್ಟು ಭಾಗ ಗುಲಾಬಿಯಾಗುತ್ತದೆ. ಗುಲಾಬಿ ಬಣ್ಣ ನಡುನಡುವೆ ತುಂಡಾಗಿದ್ದರೆ ಇನ್ನೊಮ್ಮೆ ಕಲಸಿ.